ಕೊಂಡವನ ದೂರಿಗೊಂದು ಕಟ್ಟೆ

ಸಂತೆಯಲ್ಲಿ ಮಡಕೆ ಕೊಳ್ಳುವವರನ್ನು ನೋಡಿದವರಿಗೆ ಗೊತ್ತಿರುತ್ತದೆ. ಮಡಕೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಯ ಹತ್ತಿರ ತಂದು ಸದ್ದು ಕೇಳುತ್ತಾರೆ. ಟಣ್ ಎಂದರೆ ಸರಿ, ಬದ್ ಎಂದರೆ ಒಳಗೆಲ್ಲೋ ಬಿರುಕಿದೆ. ಶ್ರೀನಿವಾಸಪುರದ ಕಡೆಯ ನಮ್ಮ ಸೋದರತ್ತೆಗೆ ಈ ವಿದ್ಯೆ ಚೆನ್ನಾಗಿ ಬರುತ್ತಿತ್ತು. ಆದರೂ ಒಂದು ಸಲ ಮೋಸ ಹೋದರು. ಮನೆಗೆ ತಂದ ಮಡಕೆ ಮೂರನೆಯ ದಿನ ಜಿನುಗತೊಡಗಿತು. ಮುಂದಿನ ವಾರ ಅದನ್ನೇ ಸೊಂಟದ ಮೇಲಿಟ್ಟುಕೊಂಡು ಸಂತೆಗೆ ಹೊರಟರು. ಕುಂಬಾರ ಮಡಕೆಯನ್ನು ತಿರುಗಿಸಿ ನೋಡಿದ. 'ಹೋಗ್ಲಿ ಬಿಡಕ್ಕಾ, ಇನ್ನೊಂದು ತಗೊಂಡೋಗು' ಎಂದ. ವ್ಯಾಜ್ಯ ಮುಗಿಯಿತು.

ಅಲ್ಲಿ ರಸೀದಿ ಇರಲಿಲ್ಲ, ಗ್ಯಾರಂಟಿ ಕಾರ್ಡು ಇರಲಿಲ್ಲ, ಸಾಕ್ಷಿಯೂ ಇರಲಿಲ್ಲ. ಇದ್ದುದು ಒಂದೇ. ಮುಂದಿನ ವಾರವೂ, ಅದರ ಮುಂದಿನ ವಾರವೂ ಆ ಕುಂಬಾರ ಅದೇ ಮರದ ಕೆಳಗೆ ಕೂರಬೇಕಾಗಿತ್ತು. ಅತ್ತೆಯ ಬಾಯಿ ಊರಿಗೆಲ್ಲ ಕೇಳಿಸುವಂಥದು ಎಂಬುದೂ ಅವನಿಗೆ ಗೊತ್ತಿತ್ತು.

ಎಷ್ಟೋ ವರ್ಷಗಳ ಮೇಲೆ ಅದೇ ಮನೆಗೆ ಬೆಂಗಳೂರಿನ ಒಂದು ಅಂಗಡಿಯಿಂದ ಮಿಕ್ಸಿ ಬಂತು. ಹೊಸ ಡಬ್ಬಿ, ಥರ್ಮೋಕೋಲು, ಚಂದದ ಕಾರ್ಡು, ಎಲ್ಲವೂ ಇತ್ತು. ಹದಿನೈದನೆಯ ದಿನ ಮೋಟಾರು ಸುಟ್ಟ ವಾಸನೆ ಬಂತು. ಅಂಗಡಿಯವರು ಕಂಪನಿಯನ್ನು ಕೇಳಿ ಎಂದರು. ಕಂಪನಿಯವರು ಸರ್ವೀಸ್ ಸೆಂಟರಿಗೆ ಹೋಗಿ ಎಂದರು. ಸರ್ವೀಸ್ ಸೆಂಟರಿನಲ್ಲಿ ಕಾರ್ಡಿನ ಮೇಲೆ ಅಂಗಡಿಯ ಮೊಹರು ಇಲ್ಲವೆಂದರು. ಮಾವ ಮೂರು ಸಲ ಬಸ್ಸಿನಲ್ಲಿ ಹೋಗಿ ಬಂದರು. ಬಸ್ ಛಾರ್ಜಿನ ಜೊತೆಗೆ ಮೂರು ದಿನದ ಕೆಲಸವೂ ಕೆಟ್ಟಿತು. ನಾಲ್ಕನೆಯ ಸಲ ಹೋಗಲಿಲ್ಲ. ಮಿಕ್ಸಿ ಅಟ್ಟ ಸೇರಿತು.

ಮಡಕೆಯ ವ್ಯಾಜ್ಯ ಎರಡು ನಿಮಿಷದಲ್ಲಿ ಮುಗಿದು ಮಿಕ್ಸಿಯ ವ್ಯಾಜ್ಯ ಅಟ್ಟದಲ್ಲಿ ಉಳಿದದ್ದು ಏಕೆ? ಕುಂಬಾರ ಒಳ್ಳೆಯವನು, ಅಂಗಡಿಯವನು ಕೆಟ್ಟವನು ಎಂಬ ಉತ್ತರ ಸಾಲದು. ಸಂತೆಯಲ್ಲಿ ಮಾರುವವನ ಮುಖವೇ ಅವನ ಸರಕಿಗೆ ಜಾಮೀನು. ಪೊಟ್ಟಣದೊಳಗೆ ಸೀಲಾಗಿ ಬರುವ ಸರಕಿಗೆ ಮುಖವಿಲ್ಲ. ಅದನ್ನು ಮಾಡಿದವನು ಎಲ್ಲೋ ಇರುತ್ತಾನೆ, ಮಾರಿದವನು ಇನ್ನೆಲ್ಲೋ ಇರುತ್ತಾನೆ. ನಮ್ಮ ಗ್ರಾಹಕ ಕಾನೂನಿನ ಚರಿತ್ರೆಯನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಂಥ ಊರುಗಳಲ್ಲಿ ಕುಳಿತು ನೋಡಿದರೆ, ಕಾಣೆಯಾದ ಆ ಮಾರಾಟಗಾರನನ್ನು ಮತ್ತೆ ಸಂತೆಯ ಮರದ ಕೆಳಗೆ ತಂದು ಕೂರಿಸುವ ಪ್ರಯತ್ನದಂತೆ ಅದು ಕಾಣುತ್ತದೆ.

ಹಿಂದಿನ ಕಾಲದಲ್ಲಿ ಮೋಸವೇ ಇರಲಿಲ್ಲ ಎಂದು ಹೇಳಲು ಹೊರಟಿಲ್ಲ. ಬೇಕಾದಷ್ಟಿತ್ತು. ಇಲ್ಲದಿದ್ದರೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ ಮತ್ತು ಅಳತೆಗೆಂದೇ ಪೌತವಾಧ್ಯಕ್ಷನೆಂಬ ಅಧಿಕಾರಿ ಏಕೆ ಬೇಕಿತ್ತು? ನಾಲ್ಕು ತಿಂಗಳಿಗೊಮ್ಮೆ ತೂಕದ ಕಲ್ಲುಗಳಿಗೆ ಮುದ್ರೆ ಒತ್ತಿಸಬೇಕು ಎಂಬ ವಿಧಿ ಅಲ್ಲಿದೆ. ಕೋಲಾರ ಸೀಮೆಯನ್ನು ಚೋಳರೂ ಆಳಿದ್ದಾರೆ, ಕೋಲಾರಮ್ಮನ ಗುಡಿಯ ಗೋಡೆಗಳ ಮೇಲೆ ಅವರ ಕಾಲದ ತಮಿಳು ಶಾಸನಗಳಿವೆ. ಚೋಳರ ಕಾಲದಲ್ಲಿ ದೇವಸ್ಥಾನಕ್ಕೆ ಭತ್ತ ಬಿಡುವಾಗ ಎಷ್ಟು ಎಂದು ಬರೆದರೆ ಸಾಲುತ್ತಿರಲಿಲ್ಲ, ಯಾವ ಅಳತೆಯಿಂದ ಎಂಬುದನ್ನೂ ಕಲ್ಲಿನಲ್ಲಿ ಕೆತ್ತುತ್ತಿದ್ದರು. ತಂಜಾವೂರಿನ ದೊಡ್ಡ ಗುಡಿಯಲ್ಲಿ ದೇವರ ಹೆಸರಿನದೇ ಒಂದು ಅಳತೆ, ಅದು ರಾಜಕೇಸರಿ ಎಂಬ ಅರಸನ ಅಳತೆಗೆ ಸಮ ಎಂಬ ವಿವರಣೆ ಬೇರೆ. ಅಳೆಯುವವನ ಕೈಯನ್ನು ದೇವರೂ ಪೂರ್ತಿ ನಂಬಿರಲಿಲ್ಲ ಎನ್ನಬಹುದು.

ಹಳೆಯ ಮೈಸೂರಿನಲ್ಲಿ ಗೊಂದಲ ಇನ್ನೂ ಹೆಚ್ಚು. ಸೇರು ಎಂಬ ಒಂದೇ ಹೆಸರಿನಲ್ಲಿ ಎರಡು ಸೇರುಗಳಿದ್ದವು. 24 ರೂಪಾಯಿ ತೂಕದ್ದು ಕಚ್ಚಾ ಸೇರು, 84 ರೂಪಾಯಿ ತೂಕದಷ್ಟು ಕಾಳು ಹಿಡಿಯುವುದು ಪಕ್ಕಾ ಸೇರು. ನಲವತ್ತು ಕಚ್ಚಾ ಸೇರಿಗೆ ಒಂದು ಮಣ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇತ್ತು, ಆದರೆ ಕೊಳಗದ ಹೊಟ್ಟೆ ಊರಿಂದೂರಿಗೆ ಬೇರೆ. ರಾಗಿ ಅಳೆಯುವವನು ಮೊದಲನೆಯ ಕೊಳಗಕ್ಕೆ ಒಂದು ಎನ್ನದೆ 'ಲಾಭ' ಎನ್ನುತ್ತಿದ್ದ. ಲಾಭ ಯಾರದು ಎಂದು ಕೇಳುವವರಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 1956ರ ತೂಕ ಮತ್ತು ಅಳತೆಗಳ ಕಾಯಿದೆ ಬಂತು. 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಯಾಗಿ, 1962ರ ಏಪ್ರಿಲ್ ಹೊತ್ತಿಗೆ ಕಿಲೋಗ್ರಾಮು ಕಡ್ಡಾಯವಾಯಿತು. ಗ್ರಾಹಕನಿಗೆ ಸಿಕ್ಕ ಮೊದಲ ದೊಡ್ಡ ರಕ್ಷಣೆ ಇದೇ ಎಂದು ನನ್ನ ಎಣಿಕೆ, ಅದನ್ನು ಯಾರೂ ಆ ಹೆಸರಿನಿಂದ ಕರೆಯಲಿಲ್ಲ ಅಷ್ಟೆ. ಮುಳಬಾಗಿಲಿನ ಕಿಲೋವೂ ಮದರಾಸಿನ ಕಿಲೋವೂ ಒಂದೇ ಆದದ್ದು ಸಣ್ಣ ಸಂಗತಿಯಲ್ಲ. ಆ ಊರಿಗೆ ಮೂಡಲ ಬಾಗಿಲು ಎಂಬ ಹೆಸರು ಬಂದದ್ದೇ ಪೂರ್ವದ ಸೀಮೆಗೆ ಹೋಗುವ ಬರುವ ದಾರಿಗೆ ಅದು ಬಾಗಿಲಾಗಿದ್ದರಿಂದ.

ತೂಕ ಸರಿಯಾಯಿತು. ಗುಣದ ಗತಿ? ಇಲ್ಲಿ ಇಂಗ್ಲಿಷರ ಕಾಲದ ಕಾನೂನು ಕೊಳ್ಳುವವನಿಗೆ ಹೆಚ್ಚು ನೆರವಾಗಲಿಲ್ಲ. 1872ರ ಕರಾರು ಕಾಯಿದೆಯ ಒಂದು ಭಾಗವಾಗಿದ್ದ ಸರಕು ಮಾರಾಟದ ನಿಯಮಗಳು 1930ರಲ್ಲಿ ಪ್ರತ್ಯೇಕ ಕಾಯಿದೆಯಾದವು. ಅದರ ಬೆನ್ನೆಲುಬು ಲ್ಯಾಟಿನ್ನಿನ ಒಂದು ಸೂತ್ರ, ಕೇವಿಯಟ್ ಎಂಪ್ಟರ್, ಎಂದರೆ ಕೊಳ್ಳುವವನೇ ಎಚ್ಚರವಾಗಿರಲಿ. ಇದಕ್ಕೆ ಕೆಲವು ವಿನಾಯಿತಿಗಳಿದ್ದುವು, ನಿಜ. ಆದರೆ ಆ ವಿನಾಯಿತಿ ಬೇಕೆಂದರೆ ವಕೀಲರನ್ನು ಹಿಡಿದು, ಕೋರ್ಟು ಶುಲ್ಕ ಕಟ್ಟಿ, ಸಿವಿಲ್ ದಾವೆ ಹೂಡಿ, ವರ್ಷಗಟ್ಟಲೆ ಕಾಯಬೇಕಿತ್ತು. ಇನ್ನೂರು ರೂಪಾಯಿಯ ಇಸ್ತ್ರಿ ಪೆಟ್ಟಿಗೆಗೆ ಯಾರು ದಾವೆ ಹೂಡಿಯಾರು?

ಕೊಳ್ಳುವವನೇ ಎಚ್ಚರವಾಗಿರಲಿ ಎಂಬ ಮಾತು ಮಡಕೆಗೆ ಸರಿ. ಮಾಲೂರಿನ ಹೆಂಚಿಗೂ ಸರಿ. ಮನೆ ಕಟ್ಟಿಸುವವರು ಹೆಂಚನ್ನು ತಟ್ಟಿ, ಇಟ್ಟಿಗೆಗೆ ಇಟ್ಟಿಗೆ ಬಡಿದು ಸದ್ದು ಕೇಳಿಯೇ ಲೋಡು ಇಳಿಸಿಕೊಳ್ಳುತ್ತಿದ್ದರು. ಬಂಗಾರಕ್ಕೆ ಒರೆಗಲ್ಲಿತ್ತು. ಸೀಲು ಹಾಕಿದ ಔಷಧಿಯ ಸೀಸೆಯನ್ನು ತಟ್ಟಿ ಏನು ಕೇಳುವುದು? ಟೊಮೆಟೊ ಬೀಜದ ಪೊಟ್ಟಣವನ್ನು ಯಾವ ಒರೆಗಲ್ಲಿಗೆ ಉಜ್ಜುವುದು?

ಈ ಪ್ರಶ್ನೆ ಜಗತ್ತಿನಲ್ಲೆಲ್ಲ ಎದ್ದಿತ್ತು. 1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಕೆನಡಿ ತಮ್ಮ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಬಳಕೆದಾರನಿಗೆ ಸುರಕ್ಷತೆಯ, ಮಾಹಿತಿಯ, ಆಯ್ಕೆಯ ಮತ್ತು ತನ್ನ ಮಾತು ಕೇಳಿಸುವ ಹಕ್ಕುಗಳಿವೆ ಎಂದರು. 1985ರಲ್ಲಿ ವಿಶ್ವಸಂಸ್ಥೆ ಮಾರ್ಗಸೂತ್ರಗಳನ್ನು ಹೊರಡಿಸಿತು. ನಮ್ಮಲ್ಲಿ 1986ರ ಡಿಸೆಂಬರ್ 24ರಂದು ಗ್ರಾಹಕರ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕರ್ನಾಟಕದಲ್ಲಿ ಕಾಯಿದೆಗೂ ಮೊದಲೇ ಈ ಕೆಲಸಕ್ಕೆ ಇಳಿದವರಿದ್ದರು. ಕುಂದಾಪುರದ ಬಳಿಯ ಬಸ್ರೂರಿನ ಬಳಕೆದಾರರ ವೇದಿಕೆ, ಅದನ್ನು ಕಟ್ಟಿದ ಡಾ. ರವೀಂದ್ರನಾಥ ಶಾನಭಾಗರು ಕರಾವಳಿಯಲ್ಲಿ ಮನೆಮಾತು. ಆಮೇಲೆ ಮೈಸೂರಿನಲ್ಲಿ ಗ್ರಾಹಕರ ಪರಿಷತ್ತು ಬಂತು. ಕರಾವಳಿಯವರು ಬಳಕೆದಾರ ಎಂದರು, ಸರ್ಕಾರ ಗ್ರಾಹಕ ಎಂದಿತು, ಅಂಗಡಿಯವರು ಮಾತ್ರ ಹಿಂದಿನಂತೆ ಗಿರಾಕಿ ಎಂದೇ ಕರೆದರು. ಮೂರರಲ್ಲಿ ಗಿರಾಕಿಯೇ ನನಗೆ ಇಷ್ಟ. ಆ ಮಾತಿನಲ್ಲಿ ಮತ್ತೆ ಬರುವವನು ಎಂಬ ಧ್ವನಿ ಇದೆ.

1986ರ ಕಾಯಿದೆಯ ಹೊಸತನ ಅದರ ಸರಳತೆಯಲ್ಲಿತ್ತು. ಜಿಲ್ಲೆಗೊಂದು ವೇದಿಕೆ, ರಾಜ್ಯಕ್ಕೊಂದು ಆಯೋಗ, ದೆಹಲಿಯಲ್ಲಿ ರಾಷ್ಟ್ರೀಯ ಆಯೋಗ. ಜಿಲ್ಲಾ ವೇದಿಕೆಯಲ್ಲಿ ಮೂವರು: ಜಿಲ್ಲಾ ನ್ಯಾಯಾಧೀಶರಾಗುವ ಅರ್ಹತೆಯುಳ್ಳ ಒಬ್ಬ ಅಧ್ಯಕ್ಷರು, ಶಿಕ್ಷಣ, ವ್ಯಾಪಾರ ಮೊದಲಾದ ಕ್ಷೇತ್ರದ ಹಿರಿಯರೊಬ್ಬರು, ಸಮಾಜ ಸೇವೆಯಲ್ಲಿರುವ ಒಬ್ಬ ಮಹಿಳೆ. ಬರೀ ಕಾನೂನು ಬಲ್ಲವರು ಸಾಲದು, ದಿನಸಿ ಬಲ್ಲವರೂ ಬೇಕು ಎಂದು ಕಾಯಿದೆ ಬರೆದವರಿಗೆ ತೋರಿರಬೇಕು. ದೂರನ್ನು ಬಿಳಿಯ ಹಾಳೆಯ ಮೇಲೆ ಕನ್ನಡದಲ್ಲೇ ಬರೆದುಕೊಡಬಹುದು. ಆರಂಭದಲ್ಲಿ ಶುಲ್ಕವೇ ಇರಲಿಲ್ಲ, ವಕೀಲರು ಬೇಕೇಬೇಕೆಂಬ ನಿಯಮ ಇಂದಿಗೂ ಇಲ್ಲ. ಸರಕಿನಲ್ಲಿ ದೋಷ, ಸೇವೆಯಲ್ಲಿ ಕೊರತೆ ಎಂಬ ಎರಡು ಮಾತುಗಳ ಮೇಲೆ ಇಡೀ ಕಾಯಿದೆ ನಿಂತಿದೆ. ಎರಡನೆಯದೇ ಹೆಚ್ಚು ಕ್ರಾಂತಿಕಾರಿ. ಬ್ಯಾಂಕು, ವಿಮೆ, ಬಸ್ಸು, ವಿದ್ಯುತ್ತು, ಆಸ್ಪತ್ರೆ, ನಿವೇಶನ ಹಂಚುವ ಪ್ರಾಧಿಕಾರ, ಇವುಗಳೆದುರು ತಲೆ ತಗ್ಗಿಸಿ ನಿಲ್ಲುತ್ತಿದ್ದವನು ಹಣ ಕೊಟ್ಟ ಗಿರಾಕಿಯಾಗಿ ತಲೆ ಎತ್ತಬಹುದಾಯಿತು.

ಜಿಲ್ಲಾ ವೇದಿಕೆಯ ಹಣಕಾಸಿನ ಮಿತಿ ಮೊದಲು 1 ಲಕ್ಷ ರೂಪಾಯಿ. 1993ರ ತಿದ್ದುಪಡಿಯಲ್ಲಿ 5 ಲಕ್ಷವಾಯಿತು, 2003ರಿಂದ 20 ಲಕ್ಷ. 2019ರ ಹೊಸ ಕಾಯಿದೆ 2020ರ ಜುಲೈ 20ರಂದು ಜಾರಿಯಾದಾಗ 1 ಕೋಟಿಗೆ ಏರಿ, 2021ರ ಕೊನೆಯ ನಿಯಮಗಳಲ್ಲಿ 50 ಲಕ್ಷಕ್ಕೆ ಇಳಿಯಿತು. ಈಗ ಲೆಕ್ಕಕ್ಕೆ ಬರುವುದು ಕೇಳುವ ಪರಿಹಾರವಲ್ಲ, ಕೊಟ್ಟ ಬೆಲೆ. 5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ. ವೇದಿಕೆ ಎಂಬ ಹಳೆಯ ಹೆಸರು ಹೋಗಿ ಆಯೋಗ ಎಂಬ ಹೆಸರು ಬಂದಿದೆ. ಹಳೆಯ ಹೆಸರೇ ಚೆನ್ನಾಗಿತ್ತು, ಅದರಲ್ಲಿ ಕಟ್ಟೆಯ ಗುಣವಿತ್ತು.

ಕೋಲಾರ ಜಿಲ್ಲೆಯಲ್ಲಿ ಆಗ ಹನ್ನೊಂದು ತಾಲ್ಲೂಕುಗಳಿದ್ದುವು. ಬಾಗೇಪಲ್ಲಿಯವರೂ ಗೌರಿಬಿದನೂರಿನವರೂ ಕೋಲಾರಕ್ಕೇ ಬರಬೇಕಿತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ಮೇಲೆ ಆ ಭಾರ ಇಳಿಯಿತು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಕೋಲಾರ ಒಂದು ಗಂಟೆಯ ಬಸ್ ದಾರಿ. ಬೆಳಗ್ಗೆ ಮುದ್ದೆ ಉಂಡು ಹೊರಟರೆ ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ. ಹಾಗಾದರೆ ತೊಡಕೇನು? ತೊಡಕು ಬೆಂಗಳೂರು.

ಈ ಊರುಗಳವರಿಗೆ ಬೆಂಗಳೂರು ದೂರವಲ್ಲ. ಮಾಲೂರಿನಿಂದ ದಿನವೂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವರು ಲೆಕ್ಕವಿಲ್ಲದಷ್ಟು ಮಂದಿ. ಮದುವೆಯ ಸೀರೆ ಚಿಕ್ಕಪೇಟೆಯಿಂದ, ಮೋಟಾರು ಪಂಪು ಎಸ್.ಪಿ. ರಸ್ತೆಯಿಂದ ಬರುವುದು ವಾಡಿಕೆ. ಹಳೆಯ ಕಾಯಿದೆಯ ಪ್ರಕಾರ ದೂರು ಕೊಡಬೇಕಾದದ್ದು ಎದುರು ಪಕ್ಷದವರು ಇರುವ, ವ್ಯಾಪಾರ ಮಾಡುವ ಅಥವಾ ಶಾಖೆ ಹೊಂದಿರುವ ಜಾಗದಲ್ಲಿ, ಇಲ್ಲವೇ ವ್ಯಾಜ್ಯದ ಕಾರಣ ಹುಟ್ಟಿದ ಜಾಗದಲ್ಲಿ. ಕೋಲಾರದಲ್ಲಿ ಕಂಪನಿಯ ಶಾಖೆ ಇದೆಯಲ್ಲ ಎಂದು ವಾದಿಸುತ್ತಿದ್ದವರಿಗೆ 2009ರಲ್ಲಿ ಆ ದಾರಿಯೂ ಕಿರಿದಾಯಿತು. ಶಾಖೆ ಇದ್ದರೆ ಸಾಲದು, ವ್ಯಾಜ್ಯದ ಕಾರಣಕ್ಕೂ ಆ ಶಾಖೆಗೂ ಸಂಬಂಧವಿರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಕಾನೂನಿನ ತರ್ಕ ಸರಿಯೇ ಇದ್ದೀತು. ಆದರೆ ನಮ್ಮ ಮಾವನಂಥವರ ಪಾಲಿಗೆ ಅದರರ್ಥ, ಮಿಕ್ಸಿ ಕೆಟ್ಟರೆ ಬೆಂಗಳೂರಿಗೆ ನಾಲ್ಕನೆಯ ಸಲ, ಐದನೆಯ ಸಲ, ಹತ್ತನೆಯ ಸಲ ಬಸ್ಸು ಹತ್ತು ಎಂದು.

2019ರ ಕಾಯಿದೆ ಒಂದು ಸಾಲು ಸೇರಿಸಿತು. ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಜಾಗದ ಜಿಲ್ಲಾ ಆಯೋಗದಲ್ಲೂ ದೂರು ಕೊಡಬಹುದು. ಅಷ್ಟೆ. ಕೊಂಡದ್ದು ಚಿಕ್ಕಪೇಟೆಯಲ್ಲಾಗಲಿ, ಮೊಬೈಲಿನ ಪರದೆಯ ಮೇಲೆ ಬೆರಳಾಡಿಸಿ ತರಿಸಿಕೊಂಡದ್ದಾಗಲಿ, ಕಂಪನಿ ಗುರುಗ್ರಾಮದಲ್ಲಿರಲಿ, ಮುಳಬಾಗಿಲಿನವನ ದೂರು ಕೋಲಾರದಲ್ಲೇ ದಾಖಲಾಗುತ್ತದೆ, ಉತ್ತರ ಕೊಡಲು ಕಂಪನಿಯೇ ಕೋಲಾರಕ್ಕೆ ಬರಬೇಕು. ಹೊಸ ಕಾಯಿದೆಯ ಬಗ್ಗೆ ಬರೆದವರೆಲ್ಲ ಪ್ರಾಧಿಕಾರ, ಜಾಹೀರಾತು ನಿಯಂತ್ರಣ, ಉತ್ಪನ್ನದ ಹೊಣೆಗಾರಿಕೆ ಮೊದಲಾದ ದೊಡ್ಡ ಅಧ್ಯಾಯಗಳ ಬಗ್ಗೆ ಬರೆದರು. ಸಣ್ಣ ಊರುಗಳ ಮಟ್ಟಿಗೆ ಕಾಯಿದೆಯ ಜೀವ ಈ ಒಂದು ಸಾಲಿನಲ್ಲಿದೆ. 2025ರ ಜನವರಿಯಲ್ಲಿ ಬಂದ ಇ-ಜಾಗೃತಿ ಎಂಬ ವ್ಯವಸ್ಥೆಯಲ್ಲಿ ದೂರನ್ನು ಕಂಪ್ಯೂಟರಿನಲ್ಲೇ ಸಲ್ಲಿಸಲೂ ಬರುತ್ತದೆ.

ಇನ್ನು ಬೀಜದ ವಿಷಯ. ಕೋಲಾರದ ಮಟ್ಟಿಗೆ ಇದಕ್ಕಿಂತ ದೊಡ್ಡ ಗ್ರಾಹಕ ವ್ಯಾಜ್ಯ ಬೇರೊಂದಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಕೆರೆಗಳು ಒಣಗಿ, ಕೊಳವೆ ಬಾವಿಗಳು ಸಾವಿರ ಅಡಿ ದಾಟಿದ ನೆಲದಲ್ಲಿ ರೈತರು ಟೊಮೆಟೊ, ಕೋಸು, ಕ್ಯಾಪ್ಸಿಕಂ ಬೆಳೆದು ದೇಶದ ಮೂಲೆಮೂಲೆಗೆ ಕಳಿಸುತ್ತಾರೆ. ಕೋಲಾರದ ಎ.ಪಿ.ಎಂ.ಸಿ.ಯಲ್ಲಾಗಲಿ, ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯ ಮಾರುಕಟ್ಟೆಯಲ್ಲಾಗಲಿ ಸುಗ್ಗಿಯಲ್ಲಿ ಕ್ರೇಟುಗಳ ಸಾಲು ನೋಡಿದವರಿಗೆ ಆ ದುಡಿಮೆಯ ಅಂದಾಜಾಗುತ್ತದೆ. ಒಂದು ಎಕರೆಗೆ ಬೇಕಾದ ಬೀಜ ಅಂಗೈಯಲ್ಲಿ ಹಿಡಿಯುವಷ್ಟು. ಆ ಅಂಗೈಯಗಲದ ಮೇಲೆ ಕಡ್ಡಿ, ದಾರ, ಹನಿ ನೀರಾವರಿ, ಗೊಬ್ಬರ, ಔಷಧಿ, ಕೂಲಿ, ಕೈಸಾಲ ಎಲ್ಲವೂ ನಿಂತಿರುತ್ತವೆ. ಗಿಡ ಎದೆಯೆತ್ತರ ಬೆಳೆದು, ಹೂ ಬಿಟ್ಟು, ಕಾಯಿ ಕಟ್ಟದೆ ಹೋದರೆ ಅಥವಾ ಕಾಯಿಯ ಆಕಾರವೇ ಬೇರೆಯಾದರೆ ರೈತ ಯಾರನ್ನು ಕೇಳಬೇಕು?

ಕಂಪನಿಗಳ ಉತ್ತರ ಬಹಳ ಕಾಲ ಒಂದೇ ಬಗೆಯದಾಗಿತ್ತು. ರೈತ ಬೆಳೆದದ್ದನ್ನು ಮಾರುತ್ತಾನೆ, ಆದ್ದರಿಂದ ಅವನದು ವ್ಯಾಪಾರ, ಅವನು ಗ್ರಾಹಕನೇ ಅಲ್ಲ. ಬೀಜಕ್ಕೆ 1966ರ ಬೀಜ ಕಾಯಿದೆ ಇದೆ, ಅಲ್ಲಿಗೆ ಹೋಗಲಿ. ಬೀಜ ಕೆಟ್ಟದ್ದೆಂದು ಪ್ರಯೋಗಾಲಯದ ವರದಿ ಎಲ್ಲಿ? ಈ ಕೊನೆಯ ಮಾತು ತುಂಬ ಜಾಣತನದ್ದು. ಸರಕಿನ ದೋಷ ಬರಿಗಣ್ಣಿಗೆ ಕಾಣದಿದ್ದರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕೆಂದು ಕಾಯಿದೆಯಲ್ಲೇ ಇದೆ. ಆದರೆ ಬೀಜವನ್ನು ಬಿತ್ತಿಯಾಗಿದೆ. ಬಿತ್ತಿದ ಬೀಜವನ್ನು ಮಣ್ಣಿನಿಂದ ಆರಿಸಿ ತರಲು ಬರುತ್ತದೆಯೇ?

2012ರ ಜನವರಿ 16ರಂದು ಸುಪ್ರೀಂ ಕೋರ್ಟ್ ಈ ಮೂರಕ್ಕೂ ಉತ್ತರ ಕೊಟ್ಟಿತು. ರಾಷ್ಟ್ರೀಯ ಬೀಜ ನಿಗಮಕ್ಕೂ ನಮ್ಮ ನೆರೆಯ ಆಂಧ್ರದ ರೈತರಿಗೂ ನಡೆದ ವ್ಯಾಜ್ಯ ಅದು. ಬೀಜ ಕೊಂಡ ರೈತ ಗ್ರಾಹಕನೇ. ಬೀಜ ಕಾಯಿದೆಯಲ್ಲಿ ನಷ್ಟ ತುಂಬಿಕೊಡುವ ದಾರಿ ಇಲ್ಲದಿರುವಾಗ ಅವನನ್ನು ಅಲ್ಲಿಗೆ ಅಟ್ಟುವಂತಿಲ್ಲ. ಬೀಜ ಕೆಡುಕಿನದಿರಬಹುದು ಎಂದು ಮೊದಲೇ ಸಂಶಯಪಟ್ಟು ಒಂದು ಹಿಡಿ ತೆಗೆದಿಡಬೇಕೆಂದು ರೈತನಿಂದ ನಿರೀಕ್ಷಿಸುವುದು ಸರಿಯಲ್ಲ, ಅದೇ ತಂಡದ ಮಾದರಿಯನ್ನು ನಿಗಮವೇ ಹಾಜರುಪಡಿಸಬಹುದಿತ್ತು ಎಂಬುದು ತೀರ್ಪಿನ ಸಾರ. ಹೊಲಕ್ಕೆ ಹೋಗಿ ನೋಡಿದ ತಜ್ಞರ ವರದಿಯನ್ನೂ ಕೋರ್ಟು ಒಪ್ಪಿತು. ಮಡಕೆಯನ್ನು ಮರಳಿ ತರಲಾಗದಿದ್ದರೆ ಕುಂಬಾರನೇ ಹೊಲಕ್ಕೆ ಬಂದು ನೋಡಲಿ ಎಂದಂತಾಯಿತು.

ಕಾಗದದ ಮೇಲೆ ಇಷ್ಟು ಗೆದ್ದ ರೈತ ವ್ಯವಹಾರದಲ್ಲಿ ಸೋಲುವುದು ಕಾಗದದಿಂದಲೇ. ಅಂಗಡಿಯವನು ಪರಿಚಯದವನು, ಉದ್ದರಿ ಕೊಡುವವನು. ಅವನನ್ನು ಬಿಲ್ಲು ಕೇಳಿದರೆ ಅಪನಂಬಿಕೆ ತೋರಿಸಿದಂತಾಗುತ್ತದೆ ಎಂಬ ಸಂಕೋಚ ಇನ್ನೂ ಹೋಗಿಲ್ಲ. ಇದು ಸಂತೆಯ ಕಾಲದ ಸಂಕೋಚ. ಅಂಗಡಿಯವನ ಮುಖ ಪರಿಚಯದ್ದಿರಬಹುದು, ಪೊಟ್ಟಣ ಅವನು ಮಾಡಿದ್ದಲ್ಲ. ಬೆಳೆ ಕೆಟ್ಟಾಗ ತೋಟಗಾರಿಕೆ ಇಲಾಖೆಯವರನ್ನೋ ಟಮಕದ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕರೆದು, ಗಿಡ ಹೊಲದಲ್ಲಿರುವಾಗಲೇ ಪರಿಶೀಲನೆ ಬರೆಸಿಕೊಳ್ಳಬೇಕು. ಸಿಟ್ಟಿನಲ್ಲಿ ಗಿಡ ಕಿತ್ತು ದನಕ್ಕೆ ಹಾಕಿದ ಮೇಲೆ ದೂರು ತಂದರೆ ಆಯೋಗದ ಮುಂದೆ ಉಳಿಯುವುದು ಮಾತು ಮಾತ್ರ. ಕಂಪನಿಯ ವಕೀಲರು ಆಗ ಮಳೆ, ರೋಗ, ನೀರು, ಔಷಧಿಯ ಅತಿ ಬಳಕೆ ಎಂದು ಇಪ್ಪತ್ತು ಕಾರಣ ಮುಂದಿಡುತ್ತಾರೆ. ಆ ಕಾರಣಗಳಲ್ಲಿ ಕೆಲವು ನಿಜವೂ ಆಗಿರುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಇಲ್ಲೊಂದು ವಿಚಿತ್ರವಿದೆ. ಬೀಜ ಕೊಳ್ಳುವಾಗ ಗ್ರಾಹಕನಾದ ಅದೇ ರೈತ, ಬೆಳೆ ಮಾರುವಾಗ ಗ್ರಾಹಕನಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ತೂಕದಿಂದ ಸೂಟು ಎಂದು ಕಳೆದರೆ ಆ ದೂರಿಗೆ ಕೋಲಾರದ ಆಯೋಗದ ಬಾಗಿಲು ತೆರೆಯುವುದಿಲ್ಲ, ಅವನು ಮಾರುಕಟ್ಟೆ ಸಮಿತಿಯ ಕಡೆಗೇ ಹೋಗಬೇಕು. ಒಂದೇ ಗಾಡಿಯಲ್ಲಿ ಹೋಗುವಾಗ ಒಂದು ಕಾನೂನು, ಬರುವಾಗ ಇನ್ನೊಂದು.

ವ್ಯಾಪಾರ ಯಾವುದು, ಜೀವನೋಪಾಯ ಯಾವುದು ಎಂಬ ಪ್ರಶ್ನೆ ರೈತನೊಬ್ಬನದೇ ಅಲ್ಲ. ಹೊಲಿಗೆ ಯಂತ್ರ ಕೊಂಡು ಮನೆಯಲ್ಲೇ ರವಿಕೆ ಹೊಲಿಯುವ ಹೆಂಗಸು ವ್ಯಾಪಾರಿಯೇ? ಒಂದೇ ಆಟೋ ಕೊಂಡು ತಾನೇ ಓಡಿಸುವವನು? ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದು ವ್ಯಾಪಾರಕ್ಕಲ್ಲ ಎಂದು 1993ರ ತಿದ್ದುಪಡಿ ಸ್ಪಷ್ಟಪಡಿಸಿತು. ಅದೇ ವರ್ಷ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಮನೆ ನಿವೇಶನ ಕೊಡುವ ಸರ್ಕಾರಿ ಸಂಸ್ಥೆಗಳೂ ಉತ್ತರ ಹೇಳಬೇಕು ಎಂದಾಯಿತು. 1995ರ ನವೆಂಬರಿನಲ್ಲಿ ಹಣ ಪಡೆದು ಚಿಕಿತ್ಸೆ ಕೊಡುವ ವೈದ್ಯರು ಕಾಯಿದೆಯ ವ್ಯಾಪ್ತಿಗೆ ಬಂದರು. ವಕೀಲರು ಮಾತ್ರ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ವೈದ್ಯ ಮಿತ್ರರೊಬ್ಬರು ನಕ್ಕದ್ದು ನೆನಪಿದೆ. ಈ ನಡುವೆ ಕಾಯಿದೆಯೇ ಸಂವಿಧಾನಕ್ಕೆ ವಿರುದ್ಧ, ಕೋರ್ಟುಗಳಿಗೆ ಸಮಾನವಾಗಿ ಇನ್ನೊಂದು ಕೋರ್ಟು ಕಟ್ಟಿದಂತೆ ಎಂಬ ತಕರಾರು ನಮ್ಮ ಕರ್ನಾಟಕದಿಂದಲೇ, ವಿಶ್ವಭಾರತಿ ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2003ರ ಜನವರಿಯಲ್ಲಿ ಕಾಯಿದೆ ಊರ್ಜ್ಯವೆಂದು ತೀರ್ಪಾಯಿತು. ಗ್ರಾಹಕ ವೇದಿಕೆ ಸಿವಿಲ್ ಕೋರ್ಟನ್ನು ಕಿತ್ತುಹಾಕುವುದಿಲ್ಲ, ಅದರ ಪಕ್ಕದಲ್ಲಿ ನಿಲ್ಲುತ್ತದೆ ಎಂಬುದು ಅಲ್ಲಿನ ನಿಲುವು.

ಹೈನಿನ ಜಿಲ್ಲೆಯಾದ್ದರಿಂದ ಹಸುವಿನ ವಿಮೆಯ ಮಾತನ್ನೂ ಹೇಳಬೇಕು. ವಿಮೆ ಮಾಡಿಸಿದಾಗ ಹಸುವಿನ ಕಿವಿಗೆ ನಂಬರಿನ ಓಲೆ ಹಾಕುತ್ತಾರೆ. ಹಸು ಸತ್ತಾಗ ಆ ಓಲೆಯನ್ನು ತೋರಿಸಬೇಕು. ಬೇಲಿಗೆ ಸಿಕ್ಕಿ ಓಲೆ ಹರಿದು ಬಿದ್ದಿದ್ದರೆ, ಸತ್ತದ್ದು ಅದೇ ಹಸು ಎಂಬುದಕ್ಕೆ ಪುರಾವೆ ಇಲ್ಲವೆಂದು ವಿಮೆಯವರು ಕೈ ಅಲ್ಲಾಡಿಸುತ್ತಾರೆ. ಊರಿನವರಿಗೆಲ್ಲ ಆ ಹಸುವಿನ ಗುರುತು ಗೊತ್ತು, ಕಡತಕ್ಕೆ ಗೊತ್ತಿಲ್ಲ. ಮುಖದ ಲೋಕ ಮತ್ತು ಕಾಗದದ ಲೋಕ ಇಷ್ಟು ನೇರವಾಗಿ ಎದುರಾಗುವ ಜಾಗ ಇನ್ನೊಂದಿಲ್ಲ. ಓಲೆ ಬಿದ್ದ ದಿನವೇ ಪಶುವೈದ್ಯರಿಗೆ ಮತ್ತು ವಿಮೆಯವರಿಗೆ ತಿಳಿಸಿ ಬರೆಸಿಕೊಂಡವರ ದೂರಿಗೆ ಬಲವಿರುತ್ತದೆ.

ಇನ್ನು ಬಂಗಾರ. ಒಂದು ಶತಮಾನಕ್ಕೂ ಹೆಚ್ಚು ಕಾಲ ಚಿನ್ನ ತೆಗೆದು 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಜಿಲ್ಲೆ ಇದು. ಒರೆಗಲ್ಲಿನ ಜಾಗಕ್ಕೆ ಈಗ ಹಾಲ್‌ಮಾರ್ಕ್ ಬಂದಿದೆ. 2021ರ ಜೂನ್ 16ರಿಂದ ದೇಶದ ಆಯ್ದ ಜಿಲ್ಲೆಗಳಲ್ಲಿ ಅದು ಕಡ್ಡಾಯವಾಗುತ್ತ ಬಂತು, 2023ರ ಏಪ್ರಿಲ್‌ನಿಂದ ಒಡವೆಗೊಂದು ಆರು ಅಕ್ಷರ-ಅಂಕಿಗಳ ಗುರುತು. ಮುದ್ರೆ ಬಿದ್ದ ಒಡವೆಯ ಪರಿಶುದ್ಧತೆ ಕಡಿಮೆ ಬಂದರೆ ವ್ಯತ್ಯಾಸದ ಎರಡರಷ್ಟು ಮತ್ತು ಪರೀಕ್ಷೆಯ ಖರ್ಚು ಕೊಡಬೇಕೆಂದು 2018ರ ನಿಯಮಗಳಲ್ಲಿದೆ. ಇದಕ್ಕೂ ಬಿಲ್ಲು ಬೇಕು ಎಂದು ಮತ್ತೆ ಹೇಳಬೇಕಿಲ್ಲ.

ಎಲ್ಲ ಸುಗಮವಾಗಿದೆ ಎಂದರೆ ತಪ್ಪಾದೀತು. ಎದುರು ಪಕ್ಷಕ್ಕೆ ನೋಟಿಸು ಮುಟ್ಟಿದ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ದೂರು ತೀರ್ಮಾನವಾಗಲು ಪ್ರಯತ್ನಿಸಬೇಕು ಎಂದು ಕಾಯಿದೆ ಹೇಳುತ್ತದೆ. ವರ್ಷ ದಾಟುವುದು ಸಾಮಾನ್ಯ. ವಕೀಲರಿಲ್ಲದೆ ನಡೆಯಲಿ ಎಂದು ಕಟ್ಟಿದ ಕಟ್ಟೆಗೆ ಕಂಪನಿಗಳು ವಕೀಲರನ್ನು ಕರೆತಂದವು, ಅವರ ಎದುರು ನಿಲ್ಲಲು ಗಿರಾಕಿಯೂ ವಕೀಲರನ್ನು ಹಿಡಿದ, ಹಿಂದೆಯೇ ವಾಯಿದೆಗಳು ಬಂದವು. ಗೆದ್ದ ಮೇಲೂ ಮೇಲ್ಮನವಿಯ ಭಯವಿದೆ. ಹಿಂದೆ ಕಂಪನಿ ಆದೇಶದ ಅರ್ಧ ಮೊತ್ತ ಅಥವಾ 25,000 ರೂಪಾಯಿ, ಯಾವುದು ಕಡಿಮೆಯೋ ಅದನ್ನು ಕಟ್ಟಿ ರಾಜ್ಯ ಆಯೋಗಕ್ಕೆ ಹೋಗಬಹುದಿತ್ತು. ಈಗ ಅರ್ಧ ಮೊತ್ತವನ್ನೇ ಕಟ್ಟಬೇಕು. ಇದರಿಂದ ಸುಮ್ಮನೆ ಎಳೆಯುವ ಚಟ ಸ್ವಲ್ಪ ತಗ್ಗಿದರೆ ಆಶ್ಚರ್ಯವಿಲ್ಲ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 25,000ದಿಂದ 1 ಲಕ್ಷದವರೆಗೆ ದಂಡ ಉಂಟು. ದೂರು ಕೊಡಲು ಗಿರಾಕಿಗೆ ಎರಡು ವರ್ಷದ ಅವಧಿ. ರಾಜಿಗೆ ಮಧ್ಯಸ್ಥಿಕೆಯ ದಾರಿಯನ್ನೂ ಹೊಸ ಕಾಯಿದೆ ತೆರೆದಿದೆ, ಎರಡೂ ಕಡೆಯವರು ಒಪ್ಪಿದರೆ.

ಈಚಿನ ವರ್ಷಗಳಲ್ಲಿ ವ್ಯಾಜ್ಯದ ಸರಪಳಿಗೆ ಇನ್ನೊಂದು ಕೊಂಡಿ ಸೇರಿಕೊಂಡಿದೆ. ಕೋಲಾರ, ಮಾಲೂರಿನ ಕಡೆ ರೈತರು ಈಗ ಬೀಜ ಚೆಲ್ಲುವುದು ಕಡಿಮೆ, ನರ್ಸರಿಯಿಂದ ಟ್ರೇಗಳಲ್ಲಿ ಬೆಳೆದ ಸಸಿ ತರುತ್ತಾರೆ. ಫಸಲು ಕೆಟ್ಟರೆ ತಪ್ಪು ಬೀಜದ್ದೋ, ಸಸಿ ಬೆಳೆಸಿದವರದೋ? ನರ್ಸರಿಯವರು ಕಂಪನಿಯತ್ತ ಕೈ ತೋರಿಸುತ್ತಾರೆ, ಕಂಪನಿಯವರು ಇವರಿಗೆ ನಾವು ಮಾರಿಯೇ ಇಲ್ಲ ಎನ್ನುತ್ತಾರೆ. ಇದನ್ನು ಅನುಭವದಿಂದ ಕಲಿತ ಕೆಲವರು ಬೀಜದ ಪೊಟ್ಟಣವನ್ನು ತಾವೇ ಬಿಲ್ಲು ಹಾಕಿಸಿ ಕೊಂಡು, ಸಸಿ ಮಾಡಿಕೊಡಲು ಮಾತ್ರ ನರ್ಸರಿಗೆ ಕೊಡುತ್ತಾರೆ. ಸಸಿ ಒಯ್ಯುವ ದಿನ ಖಾಲಿ ಪೊಟ್ಟಣವನ್ನೂ ಕೇಳಿ ಪಡೆಯುತ್ತಾರೆ. ಅದರ ಬೆನ್ನಿನ ಮೇಲೆ ಲಾಟ್ ನಂಬರು, ಪರೀಕ್ಷೆಯ ತಾರೀಕು ಅಚ್ಚಾಗಿರುತ್ತದೆ. ಮೊದಲೆಲ್ಲ ಆ ಪೊಟ್ಟಣವನ್ನು ಸಸಿ ಮಡಿಯ ತುದಿಯಲ್ಲಿ ಕಡ್ಡಿಗೆ ಸಿಕ್ಕಿಸಿ ಬಿಟ್ಟುಬಿಡುತ್ತಿದ್ದರು, ಬಿಸಿಲಿಗೆ ಬಣ್ಣ ಹೋಗಿ ಅಕ್ಷರ ಅಳಿಸುತ್ತಿತ್ತು. ಈಗ ಅದು ಬಿಲ್ಲಿನ ಜೊತೆ ಮಡಚಿ, ಪಹಣಿ ಮತ್ತು ಕಂದಾಯದ ರಸೀದಿ ಇರುವ ಅದೇ ಟ್ರಂಕಿನೊಳಗೆ ಹೋಗುತ್ತಿದೆ.